ಹೊನ್ನಕ್ಕನ ಫೋಟೋ ಇರುವ ಕಂಪ್ಯೂಟರು

ಹೊಳೆನರಸೀಪುರ
14-7-2025

ರಂಜಿನಿಗೆ ಸೋದರಮಾವ ಮಂಚಯ್ಯ ಬರೆಯುವುದು.

ನನ್ನ ಕೈಯಲ್ಲಿ ಕಾಗದ ಬರೆಸುತ್ತೀಯಲ್ಲ, ನಿನಗೆ ನಾಚಿಕೆಯಾಗಬೇಕು. ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಕೆನ್ನೆಗೆ ಬಾರಿಸಿದ ದಿನ ಸ್ಕೂಲು ಬಿಟ್ಟವನು ನಾನು. ಆಮೇಲೆ ಬರೆದದ್ದೆಲ್ಲ ಫೋಟೋ ಕವರಿನ ಮೇಲೆ ಗಿರಾಕಿಯ ಊರು, ಎಷ್ಟು ಕಾಪಿ ಅನ್ನುವುದು, ಅಷ್ಟೇ. ಅರವತ್ತೇಳನೇ ವಯಸ್ಸಿನಲ್ಲಿ ಅಂಚೆ ಕವರು ತರಿಸಿ, ಕನ್ನಡಕ ಒರೆಸಿ ಕೂತಿದ್ದೇನೆ. ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಐದನೇ ಸಲಕ್ಕೆ ಹೋಗಲೇ ಇಲ್ಲ. ನನ್ನ ಮಗ ಧರ್ಮೇಂದ್ರ ಚನ್ನರಾಯಪಟ್ಟಣದಿಂದ ಮಾಡಿದರೆ ಎತ್ತುತ್ತೀಯ. ಅವನ ಹತ್ತಿರ ಹೇಳಿದೆಯಂತೆ, "ಮಾವ ಫೋನಲ್ಲಿ ಬಯ್ತಾರೆ, ಬೇಕಾದ್ರೆ ಕಾಗ್ದ ಬರೀಲಿ, ನಾನೂ ಕಾಗ್ದದಲ್ಲೇ ಉತ್ರ ಕೊಡ್ತೀನಿ" ಅಂತ. ಹಾಸನಕ್ಕೆ ಹೋಗಿ ಫ್ಲೆಕ್ಸ್ ಅಂಗಡಿ ಸೇರಿದ್ದಕ್ಕೇ ಇಷ್ಟು ಗತ್ತು.

ಕ್ಷೇಮ ಸಮಾಚಾರ ಬರೆಯುವುದಿಲ್ಲ. ನೀನೂ ಬರೆಯಬೇಡ.

ಸ್ಟುಡಿಯೋ ಕಂಪ್ಯೂಟರು ಕೆಟ್ಟಿದೆ. ಪೂರ್ತಿ ಕೆಟ್ಟಿದ್ದರೆ ಎತ್ತಿ ಗುಜರಿಗೆ ಹಾಕುತ್ತಿದ್ದೆ. ಇದು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸ್ವಿಚ್ಚು ಹಾಕಿದರೆ ಒಂಬತ್ತೂವರೆಗೆ ಕಣ್ಣು ಬಿಡುತ್ತದೆ. ಒಂದು ಫೋಟೋ ತೆರೆದರೆ ಮೊದಲು ತಲೆಗೂದಲು ಬರುತ್ತದೆ, ಆಮೇಲೆ ಹಣೆ, ಮೂಗಿನ ಹತ್ತಿರ ಬಂದು ನಿಂತುಬಿಡುತ್ತದೆ. ಇದು ಕಾಲೇಜು ಸೇರಿಸುವ ಕಾಲ. ಪಾಸ್‌ಪೋರ್ಟ್ ಸೈಜಿಗೆ ಬಂದವರು ಹತ್ತು ನಿಮಿಷ ಕೂತು, "ಬತ್ತೀವಿ ಕಣಣ್ಣ" ಅಂತ ಎದ್ದು ಎದುರಿನ ಹೊಸ ಅಂಗಡಿಗೆ ಹೋಗುತ್ತಾರೆ. ನಾನು ಬಾಗಿಲಲ್ಲಿ ನಿಂತು ಅವರ ಬೆನ್ನು ನೋಡುತ್ತೇನೆ.

ಹನ್ನೊಂದು ವರ್ಷ ಆ ಕುರ್ಚಿಯಲ್ಲಿ ಕೂತವಳು ನೀನು. ನೀನು ಕೀ ಕೊಟ್ಟು ಹೋದ ಮೇಲೆ ಹೀಗಾಯಿತು. ನಿನ್ನ ಕಣ್ಣೇ ಬಿದ್ದಿರಬೇಕು. ಏನು ಮಾಡಬೇಕು ಬರೆ. ನನಗೆ ತಿಳಿಯುವ ಹಾಗೆ ಬರೆ.

ಮಂಚಯ್ಯ


ಹಾಸನ
21-7-2025

ಮಾವನವರಿಗೆ ರಂಜಿನಿಯ ನಮಸ್ಕಾರಗಳು.

ನಿಮ್ಮ ಕಾಗದ ಶುಕ್ರವಾರ ಬಂತು. ಕಂಪ್ಯೂಟರು ಕೆಟ್ಟಿಲ್ಲ, ಹಳೆಯದಾಗಿದೆ. ಅವಸರ ಮಾಡದೆ ಒಂದೊಂದೇ ನೋಡೋಣ.

ಮೊದಲು ವೈರು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಒಳಗಿನ ಫ್ಯಾನಿನ ಧೂಳು ತೆಗೆಯಿರಿ. ಆಮೇಲೆ, ಸಂಜೆ ಮನೆಗೆ ಹೋಗುವಾಗ ಪರದೆ ಮಾತ್ರ ಆರಿಸಿ ಹೋಗುತ್ತೀರಿ, ಅದು ಆರಿಸಿದಂತಲ್ಲ. ಒಂದು ಸಲ ಪೂರ್ತಿ ಆರಿಸಿ, ಮತ್ತೆ ಹಾಕಿ. ಮೂರನೆಯದು, ನೀವು ಯಾರೋ ಹೇಳಿದರೆಂದು ಎರಡು ಆಂಟಿವೈರಸ್ ಹಾಕಿಸಿದ್ದೀರಿ. ಒಂದು ಮಾಡಿದ್ದನ್ನು ಇನ್ನೊಂದು ಅನುಮಾನಿಸುತ್ತದೆ. ಒಂದನ್ನು ತೆಗೆಯಿರಿ, ಹೇಗೆಂದು ಈ ಹಾಳೆಯ ಹಿಂದೆ ಬರೆದಿದ್ದೇನೆ. ಇಷ್ಟು ಮಾಡಿ ಒಂದು ವಾರ ನೋಡಿ ಬರೆಯಿರಿ.

ಇನ್ನೊಂದು ಮಾತು. ಡಿಸೆಂಬರ್ ನಾಲ್ಕಕ್ಕೆ ಅವ್ವ ಹೋಗಿ ಒಂದು ವರ್ಷ. ಆ ದಿನ ರಾಮನಾಥಪುರದ ಮನೆಯಲ್ಲಿ ಬುದ್ಧನ ಪಟದ ಪಕ್ಕ ಅವ್ವನ ಪಟ ಇಡಬೇಕು. ಫೋಟೋ ಒಂದೂ ಇಲ್ಲ. ನಿಮಗೆ ಗೊತ್ತು, ಮುಖಕ್ಕೆ ತೊನ್ನು ಬಂದ ಮೇಲೆ ಅವ್ವ ಯಾರ ಮೊಬೈಲಿಗೂ ಮುಖ ಕೊಡಲಿಲ್ಲ, ನನ್ನದಕ್ಕೂ ಕೊಡಲಿಲ್ಲ. ಆಧಾರ್ ಕಾರ್ಡಿನಲ್ಲಿ ಮಸಿ ಕಾಣುತ್ತದೆ, ಮುಖ ಕಾಣುವುದಿಲ್ಲ. ನಿಮ್ಮೊಬ್ಬರ ಎದುರಿಗೆ ಕೂತಳು, 2014ರಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿಗೆ. ಮೊದಲು ನೀವು ತೊನ್ನು ಅಳಿಸಿ ಕೊಟ್ಟಿರಿ. ಮುಖ ಹೊಂದುವುದಿಲ್ಲವೆಂದು ಬ್ಯಾಂಕಿನವರು ತಿರುಗಿಸಿ ಕಳಿಸಿದರು. ಆಮೇಲೆ ಇದ್ದ ಹಾಗೇ ಕೊಟ್ಟಿರಿ. ಆ ಪಾಸ್‌ಬುಕ್ಕು ನನ್ನ ಹತ್ತಿರ ಇದೆ, ಆದರೆ ಸೀಲು ಸರಿಯಾಗಿ ಮುಖದ ಮೇಲೇ ಬಿದ್ದಿದೆ. ಇದ್ದ ಹಾಗೇ ಇರುವ ಆ ಫೋಟೋ ನಿಮ್ಮ ಕಂಪ್ಯೂಟರಿನಲ್ಲಿದೆ. ಅದೊಂದನ್ನು ಕಳಿಸಿಕೊಡಿ. ಬೇರೇನೂ ಕೇಳುವುದಿಲ್ಲ.

ನಿಮ್ಮ ಸೋದರ ಸೊಸೆ
ರಂಜಿನಿ


ಹೊಳೆನರಸೀಪುರ
28-7-2025

ರಂಜಿನಿಗೆ ಮಂಚಯ್ಯ ಬರೆಯುವುದು.

ತಗಡು ಬಿಚ್ಚಿದೆ. ಒಣಗಿದ ಹಲ್ಲಿ ಒಂದು, ಎರಡು ಹಿಡಿ ಧೂಳು. ಸೈಕಲ್ ಪಂಪಿನಿಂದ ಊದಿದೆ. ಪೂರ್ತಿ ಆರಿಸಿ ಹಾಕಿದೆ. ಒಂದು ಆಂಟಿವೈರಸ್ ತೆಗೆದೆ, ತೆಗೆಯುವಾಗ ಅದು ಮೂರು ಸಲ ನಿಜವಾಗಲೂ ತೆಗೆಯುತ್ತೀಯಾ ಅಂತ ಕೇಳಿತು. ಇಷ್ಟೆಲ್ಲ ಮಾಡಿದ ಮೇಲೆ ಮೂಗಿನ ಹತ್ತಿರ ನಿಲ್ಲುತ್ತಿದ್ದದ್ದು ಈಗ ತುಟಿಯವರೆಗೆ ಬರುತ್ತದೆ. ಇದಕ್ಕೆ ಎರಡು ವಾರ. ಹನ್ನೊಂದು ವರ್ಷ ನಿನಗೆ ಕಲಿಸಿದ್ದು ಇದನ್ನಾ?

ಫೋಟೋ ವಿಷಯ. ನಾನು ಫೋಟೋಗಳಿಗೆ ಹೆಸರು ಇಡುವವನಲ್ಲ, ನಿನಗೆ ಗೊತ್ತು. ವರ್ಷ, ತಿಂಗಳು, ಕ್ಯಾಮೆರಾ ಕೊಟ್ಟ ನಂಬರು. ಮೂರು ಲಕ್ಷ ಮುಖಗಳ ಒಳಗೆ ಒಂದು ಮುಖ ಹುಡುಕಲು ನನಗೆ ಪುರುಸೊತ್ತಿಲ್ಲ. ಪುರುಸೊತ್ತಿದ್ದರೂ ಹುಡುಕುವುದಿಲ್ಲ. ತನ್ನ ಮುಖ ತಾನೇ ನೋಡಲಾರದೆ ಮನೆಯ ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟವಳು ನಿಮ್ಮವ್ವ ಹೊನ್ನಕ್ಕ. ಬದುಕಿರುವಾಗ ಬೇಡವಾದ ಮುಖ ಸತ್ತ ಮೇಲೆ ಗೋಡೆಗೆ ಯಾಕೆ? ಬುದ್ಧ ಒಬ್ಬನೇ ಇರಲಿ, ಅವನಿಗೆ ಅಭ್ಯಾಸವಿದೆ.

ಕಂಪ್ಯೂಟರಿಗೆ ಬೇರೆ ಮದ್ದು ಇದ್ದರೆ ಬರೆ.

ಮಂಚಯ್ಯ


ಹಾಸನ
6-8-2025

ಮಾವನವರಿಗೆ.

ಅವ್ವ ಕನ್ನಡಿ ತಿರುಗಿಸಿ ಇಟ್ಟದ್ದು ಧರ್ಮೇಂದ್ರ ಬಾವನ ಮದುವೆ ಮುಗಿಸಿ ಬಂದ ದಿನ. ಅದಕ್ಕೆ ಮುಂಚೆ ದಿನಾ ಅದೇ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಳು. ನುಗ್ಗೇಹಳ್ಳಿಯ ಬೀಗರ ಕಣ್ಣಿಗೆ ಬಿದ್ದರೆ, ವಂಶದಲ್ಲೇ ತೊನ್ನಿದೆ ಅಂದುಕೊಳ್ಳುತ್ತಾರೆಂದು, ಒಡಹುಟ್ಟಿದವಳನ್ನು ಮೂರು ದಿನ ಛತ್ರದ ಪಾತ್ರೆ ಕೋಣೆಯಲ್ಲಿ ಕೂರಿಸಿದಿರಿ. ಊಟ ಅಲ್ಲಿಗೇ ಕಳಿಸಿದಿರಿ. ಆ ಮದುವೆಯ ಆಲ್ಬಮ್ ಜೋಡಿಸಿದವಳು ನಾನು, ನಿಮ್ಮ ಇದೇ ಕಂಪ್ಯೂಟರಿನಲ್ಲಿ. ನಾನೂರು ಫೋಟೋ. ಅವ್ವ ಒಂದರಲ್ಲೂ ಇರಲಿಲ್ಲ. ಅಡುಗೆಯವರು ಇದ್ದರು. ಅವತ್ತೇ ಕೆಲಸ ಬಿಡುತ್ತೇನೆಂದೆ. "ಅಣ್ಣನ ಅನ್ನ ತಿಂದಿದ್ದೀವಿ, ಸುಮ್ನೆ ಓಗು" ಅಂತ ಅವ್ವನೇ ಬಸ್ಸು ಹತ್ತಿಸಿದಳು.

ಇದನ್ನು ಜಗಳಕ್ಕೆಂದು ಬರೆಯಲಿಲ್ಲ. ಕೆಲಸದ ವಿಷಯಕ್ಕೆ ಬರುತ್ತೇನೆ.

ನೀವು ಮುಂದುಗಡೆ ಒಬ್ಬರನ್ನು ಕೂರಿಸಿ ಫೋಟೋ ತೆಗೆಯುತ್ತಿರುತ್ತಿದ್ದಿರಿ. ಹಿಂದಿನ ಕೋಣೆಯಲ್ಲಿ ನಾನು ಪ್ರಿಂಟು ಕತ್ತರಿಸುತ್ತಿರುತ್ತಿದ್ದೆ, ಅತ್ತೆ ಇದ್ದಾಗ ಅವರು ಫ್ರೇಮಿಗೆ ಗಾಜು ಕೂರಿಸುತ್ತಿದ್ದರು. ಗಿರಾಕಿಗೆ ನಾವಿಬ್ಬರೂ ಕಾಣುತ್ತಿರಲಿಲ್ಲ. ಕಂಪ್ಯೂಟರಿನಲ್ಲೂ ಹಾಗೆ. ನೀವು ಪರದೆಯ ಮೇಲೆ ಒಂದು ಕೆಲಸ ಮಾಡುತ್ತಿದ್ದರೆ ಕಾಣದ ಹಾಗೆ ನೂರು ಪ್ರೋಗ್ರಾಮುಗಳು ಓಡುತ್ತಿರುತ್ತವೆ. ಕೆಲವು ಬೇಕಾದವು, ಕೆಲವು ಬೇಡದವು. ಯಾವುದು ಹೆಚ್ಚು ಎಳೆದುಕೊಳ್ಳುತ್ತಿದೆ ಎಂದು ನೋಡಲು ಒಂದು ಪಟ್ಟಿ ಇದೆ. ಕೀಬೋರ್ಡಿನ ಎಡಗಡೆ ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು, ಮೇಲಿನ ಮೂಲೆಯ ಎಸ್ಕೇಪ್ ಒತ್ತಿ. ಹೆಸರುಗಳು ಬರುತ್ತವೆ. ಯಾವುದನ್ನೂ ನಿಲ್ಲಿಸಬೇಡಿ. ಮೊದಲು ಎಲ್ಲ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಪ್ರತಿಯೊಂದಕ್ಕೂ ಏನೆಂದು ತಿಳಿಸುತ್ತೇನೆ. ನಿಧಾನವಾಗಿ ಬರೆಯಿರಿ, ಅವಸರವಿಲ್ಲ.

ಫೋಟೋ ಕಳಿಸಿ ಎಂದು ಮತ್ತೊಮ್ಮೆ ಕೇಳುತ್ತಿದ್ದೇನೆ.

ರಂಜಿನಿ


ಹೊಳೆನರಸೀಪುರ
25-8-2025

ರಂಜಿನಿಗೆ.

ಪಾತ್ರೆ ಕೋಣೆಯಲ್ಲಿ ಫ್ಯಾನು ಹಾಕಿಸಿದ್ದೆ. ಅದನ್ನು ಬರೆಯಲಿಲ್ಲ ನೀನು.

ನಿನ್ನ ಪಟ್ಟಿ ಬರೆಯಲು ನಾಲ್ಕು ಮಧ್ಯಾಹ್ನ ಹೋಯಿತು. ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದಿ ಕನ್ನಡಕ್ಕೆ ಇಳಿಸಿದ್ದೇನೆ. ಬರೆಯುತ್ತಿರುವಾಗಲೇ ಹೆಸರುಗಳು ಮೇಲೆ ಕೆಳಗೆ ಓಡುತ್ತವೆ, ಸಂತೆಯಲ್ಲಿ ಕುರಿ ಎಣಿಸಿದ ಹಾಗೆ. ಪೂರ್ತಿ ಪಟ್ಟಿ ಬೇರೆ ಹಾಳೆಯಲ್ಲಿದೆ. ನನಗೆ ಅನುಮಾನ ಬಂದವು ಇಲ್ಲಿ ಬರೆಯುತ್ತೇನೆ. ಸರ್ವಿಸ್ ಹೋಸ್ಟ್ ಅಂತ ಒಂದೇ ಹೆಸರಿನವು ನಲವತ್ತಿವೆ. ಇಷ್ಟು ಜನ ಯಾಕೆ, ಒಬ್ಬ ಸಾಲದೇ? ಪ್ರಿಂಟ್ ಸ್ಪೂಲರ್ ಅಂತ ಒಂದು. ವಿಂಡೋಸ್ ಅಪ್‌ಡೇಟ್ ಅಂತ ಒಂದು, ಅದು ಒಂದು ಸಲ ಬರುತ್ತದೆ, ಒಂದು ಸಲ ಹೋಗುತ್ತದೆ. ಸಿಸ್ಟಂ ಐಡಲ್ ಅನ್ನುವುದು ನೂರಕ್ಕೆ ಎಪ್ಪತ್ತು ತಿನ್ನುತ್ತಿದೆ. ಮಿರರ್ ಏಜೆಂಟ್ ಅಂತ ಒಂದಿದೆ. ಡಿಸ್ಕು ಅನ್ನುವ ಸಾಲಿನಲ್ಲಿ ಅದರ ಮುಂದೆ ಯಾವಾಗಲೂ ಕಡು ಬಣ್ಣ. ಏಜೆಂಟರನ್ನು ನಾನು ಬಲ್ಲೆ. ಲೈಸೆನ್ಸ್ ಮಾಡಿಸುವ ಏಜೆಂಟು, ಸೈಟು ಕೊಡಿಸುವ ಏಜೆಂಟು, ರಾಮನಾಥಪುರದ ಹೊಗೆಸೊಪ್ಪಿನ ಏಜೆಂಟು, ಒಬ್ಬನೂ ನೆಟ್ಟಗಿಲ್ಲ. ಇದನ್ನು ಕಿತ್ತು ಹಾಕಲೇ?

ಫೋಟೋ ಹುಡುಕುವುದಿಲ್ಲ ಎಂದಿದ್ದೆ. ಮತ್ತೆ ಕೇಳಿದ್ದೀಯ. ಹಟ ನಿಮ್ಮವ್ವನದು. ಅವಳಿಂದ ನಿನಗೆ ಬಂದಿರುವುದು ಅದೊಂದೇ ಆಗಿರಲಿ ಅಂತ ಬೇಡಿಕೊ. ಮೂವತ್ತೈದು ತುಂಬಿದೆ, ಇನ್ನೂ ಒಬ್ಬ ಬಂದು ನೋಡಲಿಲ್ಲ ನಿನ್ನನ್ನು. ಯಾಕೆ ಅಂತ ಯೋಚನೆ ಮಾಡಿದ್ದೀಯಾ? ತಾಯಿಯನ್ನು ನೋಡಿದವರು ಮಗಳನ್ನು ನೋಡಲು ಬರುವುದಿಲ್ಲ. ನಾನು ಅವತ್ತು ಅವಳನ್ನು ಒಳಗೆ ಕೂರಿಸದೆ ಇದ್ದಿದ್ದರೆ ಧರ್ಮೇಂದ್ರನಿಗೂ ನಿನ್ನ ಗತಿಯೇ.

ಬೇಗ ಬರೆ. ಗಣೇಶನ ಹಬ್ಬ ಬಂತು, ಗ್ರೂಪ್ ಫೋಟೋಗಳು ಬರುತ್ತವೆ.

ಮಂಚಯ್ಯ


ಹಾಸನ
6-9-2025

ಮಾವನವರಿಗೆ.

ಪಟ್ಟಿ ಓದಿದೆ. ಸರ್ವಿಸ್ ಹೋಸ್ಟ್ ಎಂಬವು ಬೇಕಾದವು, ಒಂದೊಂದೂ ಒಂದೊಂದು ಕೆಲಸ ಹೊತ್ತಿರುತ್ತದೆ. ಸ್ಪೂಲರ್ ಎಂದರೆ ಪ್ರಿಂಟಿಗೆ ಸಾಲು ನಿಲ್ಲಿಸುವವನು. ಅಪ್‌ಡೇಟ್ ಬಂದು ಹೋಗಲಿ. ಐಡಲ್ ಎಪ್ಪತ್ತು ಎಂದರೆ ಎಪ್ಪತ್ತು ಭಾಗ ಸುಮ್ಮನಿದೆ ಎಂದರ್ಥ, ತಿನ್ನುತ್ತಿಲ್ಲ. ಅದಕ್ಕೆ ಕೋಪ ಮಾಡಿಕೊಳ್ಳಬೇಡಿ. ಪಟ್ಟಿಯ ಹಾಳೆಯಲ್ಲಿ ಹನ್ನೆರಡು ಹೆಸರುಗಳಿಗೆ ಕೆಂಪು ಗೆರೆ ಎಳೆದಿದ್ದೇನೆ. ದಿನಕ್ಕೆ ಒಂದರಂತೆ ಅವನ್ನು ನಿಲ್ಲಿಸಿ. ಒಂದು ನಿಲ್ಲಿಸಿದ ಮೇಲೆ ಒಂದು ದಿನ ಪೂರ್ತಿ ಕೆಲಸ ಮಾಡಿ ನೋಡಿ. ಒಟ್ಟಿಗೆ ನಿಲ್ಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮಿರರ್ ಏಜೆಂಟ್ ಮುಟ್ಟಬೇಡಿ. ಪರದೆಯ ಬಣ್ಣವನ್ನು ಪ್ರಿಂಟರಿಗೆ ಹೇಳಿಕೊಡುವುದು ಅದೇ. ಅದನ್ನು ನಿಲ್ಲಿಸಿದರೆ ಪ್ರಿಂಟಿನಲ್ಲಿ ಮೈಬಣ್ಣ ಹಸಿರು ತಿರುಗುತ್ತದೆ.

ನನ್ನ ಮದುವೆಯ ಮಾತಿಗೆ ಉತ್ತರವಿಲ್ಲ.

ರಂಜಿನಿ


ಹೊಳೆನರಸೀಪುರ
4-10-2025

ಕಳ್ಳಿ.

ಹನ್ನೆರಡು ಹೆಸರು, ಹನ್ನೆರಡು ದಿನ ಅಂದೆ. ಮಾಡಿದೆ. ಎಲ್ಲ ನಿಲ್ಲಿಸಿದ ಮೇಲೂ ಮುಖ ಗಲ್ಲದವರೆಗೆ ಬರಲಿಲ್ಲ. ಹದಿಮೂರನೇ ದಿನ ನಾನು ಕೂತು ಯೋಚಿಸಿದೆ. ಓದಿದವನಲ್ಲ, ಆದರೆ ನಲವತ್ತೈದು ವರ್ಷ ಮನುಷ್ಯರ ಮೈಬಣ್ಣ ನೋಡಿದವನು. ಮೈಬಣ್ಣದ ವಿಷಯದಲ್ಲಿ ನನಗೆ ಸುಳ್ಳು ಹೇಳಬಾರದಿತ್ತು ನೀನು. ಬೇರೆ ಯಾವ ಸುಳ್ಳು ಹೇಳಿದ್ದರೂ ನಂಬುತ್ತಿದ್ದೆ.

ಎದುರಿನ ಹೋಟೆಲಿನ ಕೆಂಪಣ್ಣನನ್ನು ಕರೆದು ಕೂರಿಸಿ ಒಂದು ಫೋಟೋ ತೆಗೆದೆ. ಒಂದು ಪ್ರಿಂಟು ಹಾಕಿದೆ. ಆಮೇಲೆ ನಿನ್ನ ಮಿರರ್ ಏಜೆಂಟನ್ನು ನಿಲ್ಲಿಸಿ, ಅದೇ ಫೋಟೋ ಇನ್ನೊಂದು ಪ್ರಿಂಟು. ಎರಡನ್ನೂ ಬಾಗಿಲ ಬಿಸಿಲಿಗೆ ಹಿಡಿದೆ. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕೆಂಪಣ್ಣ ಎರಡರಲ್ಲೂ ಕೆಂಪಣ್ಣನೇ. ಮತ್ತೆ ಕಂಪ್ಯೂಟರಿನ ಮುಂದೆ ಬಂದು ಕೂತರೆ, ಒತ್ತುವುದಕ್ಕೆ ಮುಂಚೆ ಫೋಟೋ ತೆರೆಯುತ್ತದೆ. ಕುದುರೆಯ ಹಾಗೆ ಓಡುತ್ತಿದೆ.

ಚನ್ನರಾಯಪಟ್ಟಣದಿಂದ ಕಂಪ್ಯೂಟರ್ ರಿಪೇರಿಯ ಪಾಲಾಕ್ಷನನ್ನು ಕರೆಸಿದೆ. ಅವನು ಹತ್ತು ನಿಮಿಷ ನೋಡಿ ನಕ್ಕ. "ಇದು ರೋಗ ಅಲ್ಲ ಕಣ್ ಯಜಮಾನ್ರೆ, ಯಾರೋ ಕಾಪಿ ಒಡೀತಾವ್ರೆ. ನಿಮ್ಮ ಪೆಟ್ಗೇಲಿರೋ ಫೋಟೋನೆಲ್ಲ ಒಂದೊಂದೇ ಎತ್ಕಂಡು ನೆಟ್ನಲ್ಲಿ ಆಚಿಗೆ ಸಾಗಿಸ್ತಾ ಐತೆ" ಅಂದ. ಯಾವತ್ತಿನಿಂದ ಅಂತ ಕೇಳಿದೆ. ತಾರೀಖು ತೋರಿಸಿದ. ಕಳೆದ ಡಿಸೆಂಬರ್ ಒಂಬತ್ತು. ನೀನು ಕೀ ಕೊಡಲು ಬಂದ ದಿನ. ನಾನು ನಿನ್ನ ಚೀಲ ಬಿಚ್ಚಿಸಿ ನೋಡಿದೆ, ಪೆನ್‌ಡ್ರೈವ್ ಇದೆಯೋ ಅಂತ. ಇರಲಿಲ್ಲ. ನಾನು ಟೀ ಹೇಳಲು ಬಾಗಿಲಿಗೆ ಹೋದ ಐದು ನಿಮಿಷದಲ್ಲಿ ಇದನ್ನು ಕಟ್ಟಿ ಹೋಗಿದ್ದೀಯ.

ಕಾಗದ ಬರೆ ಅಂದದ್ದು ಯಾಕೆ ಅಂತ ಈಗ ತಿಳಿಯಿತು. ಫೋನಾದರೆ ನೀನು ಒಂದು ದಿನದಲ್ಲಿ ಸಿಕ್ಕಿಬೀಳುತ್ತಿದ್ದೆ. ಕಾಗದ ಹೋಗಲು ಮೂರು ದಿನ, ನೀನು ಕೂತು ಬರೆಯಲು ಒಂದು ವಾರ, ಬರಲು ಮೂರು ದಿನ. ಆ ಹೊತ್ತಿಗೆ ಅದು ಅರ್ಧ ವರ್ಷದ ಫೋಟೋ ಸಾಗಿಸುತ್ತದೆ. ಪಟ್ಟಿ ಬರೆಸಿದೆ. ದಿನಕ್ಕೊಂದು ನಿಲ್ಲಿಸು ಅಂದೆ. ಸೈಕಲ್ ಪಂಪು ಹಿಡಿಸಿದೆ ನನ್ನ ಕೈಲಿ.

ಹಳೆಯದರಿಂದ ಶುರು ಮಾಡಿ ಎಲ್ಲಿಯವರೆಗೆ ಹೋಗಿತ್ತು ಅಂತ ಪಾಲಾಕ್ಷನನ್ನು ಕೇಳಿದೆ. ನಿನಗೂ ಗೊತ್ತಿರುತ್ತದೆ, ದಿನಾ ನೋಡುತ್ತಿದ್ದೆಯಲ್ಲ. 2013ನೇ ಇಸವಿ, ನವೆಂಬರ್ ತಿಂಗಳು. ಇನ್ನು ಸ್ವಲ್ಪ ದಿನ ನಾನು ದಡ್ಡನಾಗಿದ್ದರೆ ನಿಮ್ಮವ್ವ ಹಾಸನಕ್ಕೆ ಬಂದುಬಿಡುತ್ತಿದ್ದಳು.

ಅವಳ ಫೋಟೋ ಹುಡುಕಿದೆ. ಕಂಪ್ಯೂಟರು ಈಗ ಚುರುಕಾಗಿದೆಯಲ್ಲ, ಎರಡೇ ಗಂಟೆಗೆ ಸಿಕ್ಕಿತು. ಎರಡೂ ಇವೆ, ಅಳಿಸಿದ್ದು, ಅಳಿಸದೆ ಇದ್ದದ್ದು. ದೊಡ್ಡದು ಮಾಡಿ ನೋಡಿದೆ. ಆವತ್ತಿಗೆ ಮುಖದಲ್ಲಿ ಎಡಗೆನ್ನೆಗೆ ಮಾತ್ರ ಇತ್ತು. ಕಿವಿಯ ಕೆಳಗೆ ಕುತ್ತಿಗೆಯಲ್ಲಿ ಒಂದು ಚುಕ್ಕೆ, ಅಕ್ಕಿಕಾಳಿನಷ್ಟು. ಶುರುವಾಗುವುದು ಅಲ್ಲಿಂದ. ನೀನೂ ನಿನ್ನ ಕಿವಿಯ ಕೆಳಗೆ ಕನ್ನಡಿ ಹಿಡಿದು ನೋಡಿಕೊ.

ಮಂಚಯ್ಯ


ಹಾಸನ
10-10-2025

ಮಾವ,

ಹೌದು, ನಾನೇ ಕಟ್ಟಿದ್ದು. ಮೂರು ಲಕ್ಷ ಫೋಟೋ ನನಗೆ ಬೇಕಿರಲಿಲ್ಲ. ಯಾವ ನಂಬರೆಂದು ಗೊತ್ತಿದ್ದರೆ ಒಂದನ್ನೇ ಒಯ್ಯುತ್ತಿದ್ದೆ. ಆಗ ಇಸವಿಯೂ ನೆನಪಿರಲಿಲ್ಲ, ಪಾಸ್‌ಬುಕ್ಕು ಸಿಕ್ಕಿದ್ದು ಆಮೇಲೆ. ಹೊಸದರಿಂದ ಹಿಂದಕ್ಕೆ ಹೋಗುವಂತೆ ಕಟ್ಟಿದ್ದರೂ ಇಷ್ಟು ಹೊತ್ತಿಗೆ ಸಿಕ್ಕಿರುತ್ತಿತ್ತೋ ಏನೋ. ಐದು ನಿಮಿಷದಲ್ಲಿ ಅಷ್ಟು ಯೋಚಿಸಲಾಗಲಿಲ್ಲ. ಸೆಪ್ಟೆಂಬರ್ ಇಪ್ಪತ್ತೆರಡರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದು ನಿಂತಿತು. ನಿಂತದ್ದು ನೋಡಿದೆ. ಕರೆಂಟು ಹೋಗಿರಬಹುದೆಂದು ಸಂಜೆಯವರೆಗೆ ನೋಡಿದೆ. ಆಮೇಲೆ ತಿಳಿಯಿತು.

ನನ್ನನ್ನು ಕಳ್ಳಿ ಎಂದಿರಿ. ಅವ್ವ ಸತ್ತ ದಿನ ನಮ್ಮ ಬಾಗಿಲಿಗೆ ಬಂದಿರಿ. ಮೂರು ತಾಲ್ಲೂಕಿನಲ್ಲಿ ಯಾರು ಸತ್ತರೂ ಹೆಣವನ್ನು ಕುರ್ಚಿಗೆ ಕಟ್ಟಿ, ಕೂದಲು ಬಾಚಿ, ಕೊನೆಯ ಫೋಟೋ ತೆಗೆಯುವುದು ನೀವು. ಜನ ನಿಮ್ಮ ಮುಖ ನೋಡಿದರು. ನಮ್ಮ ದೊಡ್ಡವರು ಬಂದು ಕೇಳಿದರು, "ಮಂಚಣ್ಣ, ನಿನ್ ತಂಗೀದು ಒಂದು ತಗಿಯಪ್ಪ, ಮಗೀಗೆ ಒಂದು ಗುರ್ತು ಇರ್ಲಿ" ಅಂತ. "ಕ್ಯಾಮೆರಾ ತಂದಿಲ್ಲ" ಎಂದಿರಿ. ಕ್ಯಾಮೆರಾ ಚೀಲ ನಿಮ್ಮ ಹೆಗಲಿನಲ್ಲೇ ಇತ್ತು. ಅಲ್ಲಿದ್ದವರೆಲ್ಲ ಅದನ್ನು ನೋಡುತ್ತಿದ್ದರು, ನೀವೂ ಒಂದು ಸಲ ನೋಡಿಕೊಂಡಿರಿ. ಬಟ್ಟೆ ಸರಿಸಿ ಅವ್ವನ ಮುಖ ನೋಡಿ, ಮತ್ತೆ ಮುಚ್ಚಿ, ಮಣ್ಣಿಗೂ ನಿಲ್ಲದೆ ಅರಕಲಗೂಡು ಬಸ್ಸು ಹತ್ತಿದಿರಿ. ಅದಕ್ಕೆ ಏನು ಹೆಸರು ಹೇಳುತ್ತೀರಿ?

ಕೊನೆಯ ವಾರ ಅವ್ವನಿಗೆ ಮಾತು ನಿಲ್ಲುತ್ತಿತ್ತು, ಬರುತ್ತಿತ್ತು. ಏನೇನು ಅಂದಳು ಎಂದು ನನಗೊಬ್ಬಳಿಗೇ ಗೊತ್ತು. ಅದರಲ್ಲಿ ನಿಮಗೆ ಬೇಕಾದದ್ದು ಇದ್ದರೂ ಹೇಳುವುದಿಲ್ಲ, ಇಲ್ಲದಿದ್ದರೂ ಹೇಳುವುದಿಲ್ಲ.

ಫೋಟೋ ಸಿಕ್ಕಿತೆಂದು ನೀವೇ ಬರೆದಿದ್ದೀರಿ. ಇನ್ನು ಹುಡುಕಲು ಪುರುಸೊತ್ತಿಲ್ಲ ಎನ್ನುವ ಹಾಗಿಲ್ಲ. ಕಳಿಸಿ.

ಹೊನ್ನಕ್ಕನ ಮಗಳು
ರಂಜಿನಿ


ಹೊಳೆನರಸೀಪುರ
27-10-2025

ರಂಜಿನಿಗೆ.

ದೀಪಾವಳಿ ಕಳೆಯಲಿ ಅಂತ ಕಾದೆ. ಫೋಟೋ ಕೇಳಿದ್ದೆಯಲ್ಲ, ಕಳಿಸಿದ್ದೇನೆ. ಇವತ್ತು ಮಧ್ಯಾಹ್ನದ ಬಸ್ಸಿಗೆ ಕಂಡಕ್ಟರ್ ಬಸವರಾಜು ಕೈಗೆ ಕೊಟ್ಟಿದ್ದೇನೆ, ಹಾಸನ ಸ್ಟ್ಯಾಂಡಿನಲ್ಲಿ ತೆಗೆದುಕೊ ಅಂತ ಧರ್ಮೇಂದ್ರ ಫೋನ್ ಮಾಡುತ್ತಾನೆ. ಹನ್ನೆರಡು ಹದಿನೆಂಟು ಸೈಜು, ಗಾಜು, ಚಿನ್ನದ ಬಣ್ಣದ ಫ್ರೇಮು. ನಾನೇ ಕೂರಿಸಿದೆ.

ಮೂರು ದಿನ ಕೂತು ಕೆಲಸ ಮಾಡಿದ್ದೇನೆ. ತೊನ್ನು ಒಂದು ಚೂರೂ ಇಲ್ಲ, ಹಳೆಯ ಅಳಿಸಿದ ಕಾಪಿಗಿಂತ ಚೆನ್ನಾಗಿ ಅಳಿಸಿದ್ದೇನೆ. ಅವಳು ಉಟ್ಟಿದ್ದ ಹರಕಲು ಸೀರೆ ತೆಗೆದು ರೇಷ್ಮೆ ಸೀರೆ ಉಡಿಸಿದ್ದೇನೆ. ಕಿವಿಗೆ ಓಲೆ. ಹಲ್ಲು ಕಾಣುತ್ತಿತ್ತು, ತುಟಿ ಮುಚ್ಚಿಸಿದ್ದೇನೆ. ಹಿಂದೆ ಗುಲಾಬಿ ತೋಟ. ಪಕ್ಕದಲ್ಲಿ ಬುದ್ಧ ಇದ್ದಾನೆ ಅಂದೆಯಲ್ಲ, ಅವನ ಪಕ್ಕ ಇಡಲು ಯೋಗ್ಯವಾಗಿದೆ. ಈ ಮುಖ ಅವಳಿಗೆ ಇದ್ದಿದ್ದರೆ ಪಾತ್ರೆ ಕೋಣೆಯಲ್ಲಿ ಯಾಕೆ ಕೂರಿಸುತ್ತಿದ್ದೆ? ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ.

ದುಡ್ಡು ಬೇಡ. ಅಣ್ಣನ ಕಡೆಯಿಂದ ಅಂತ ಇಟ್ಟುಕೊ.

ಮಂಚಯ್ಯ


ಹಾಸನ
3-11-2025

ಬಸವರಾಜು ಅವರ ಕೈಯಲ್ಲೇ ವಾಪಸ್ ಕಳಿಸಿದ್ದೇನೆ. ಬಿಚ್ಚಿ ನೋಡಿದೆ. ರಾಮನಾಥಪುರದ ಪಕ್ಕದ ಮನೆಯ ಶೋಭಿತಾ ಬಂದಿದ್ದಳು, ಅವ್ವನನ್ನು ನೋಡಿದವಳು. "ಇದ್ಯಾರಕ್ಕ?" ಅಂದಳು.

ಇದ್ದ ಹಾಗೇ ಇರುವ ಫೋಟೋ ಕೇಳಿದ್ದೆ. ಅದನ್ನೇ ಕೇಳುತ್ತಿದ್ದೇನೆ.

ರಂಜಿನಿ


ಹೊಳೆನರಸೀಪುರ
14-11-2025

ರಂಜಿನಿಗೆ ಮಂಚಯ್ಯ ಬರೆಯುವುದು. ಇದು ಕೊನೆಯ ಕಾಗದ. ಇದಾದ ಮೇಲೆ ನನ್ನ ಕೈ ಬರೆಯುವುದಿಲ್ಲ.

ಫ್ರೇಮು ಬಂತು. ಗಾಜು ಒಡೆದಿದೆ, ನೀನು ಒಡೆದೆಯೋ ಬಸ್ಸಿನಲ್ಲಿ ಒಡೆಯಿತೋ ಕೇಳಲಿಲ್ಲ. ರೇಷ್ಮೆ ಸೀರೆಯವಳನ್ನು ಅಂಗಡಿಯ ಬಾಗಿಲಿಗೆ ಮಾದರಿ ಅಂತ ತೂಗು ಹಾಕಿದ್ದೇನೆ. ಬಂದವರು ನೋಡಿ, ನಮ್ಮವ್ವಂದೂ ಹಿಂಗೇ ಮಾಡ್ಕೊಡಿ ಅಂತ ಎರಡು ಆರ್ಡರ್ ಕೊಟ್ಟಿದ್ದಾರೆ.

ಹೋದ ಶನಿವಾರ ಪಾಲಾಕ್ಷ ಬಂದಿದ್ದ. ಕಂಪ್ಯೂಟರು ಚುರುಕಾಗಿದ್ದರೂ ಯಾರು ಎಲ್ಲಿ ಏನು ಕಟ್ಟಿದ್ದಾರೋ ಅನ್ನುವ ಅನುಮಾನ ನನಗೆ ಹೋಗಲಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಹಾಕು ಅಂದೆ. ಅವನು ಎರಡು ಸಲ ಕೇಳಿದ. "ಯಜಮಾನ್ರೆ, ಇಪ್ಪತ್ ವರ್ಸದ ಮುಕಗಳು ಕಣ, ಒಂದು ಡಿಸ್ಕ್ ತತ್ತೀನಿ, ಇಳಿಸ್ಕಳಿ" ಅಂದ. ಬೇಡ ಅಂದೆ. ಸತ್ತವರಲ್ಲಿ ಎಷ್ಟೋ ಜನರ ಮಕ್ಕಳೂ ಸತ್ತಿದ್ದಾರೆ, ಇನ್ನು ಯಾರು ಕೇಳಿಕೊಂಡು ಬರುತ್ತಾರೆ. ಹಳೆಯ ಇಸವಿಗಳು ಬೇಕಿದ್ದವರು ನಿನ್ನ ಹತ್ತಿರ ಬರಲಿ, 2013ರವರೆಗೆ ನೀನು ಕದ್ದಿಟ್ಟಿದ್ದೀಯ. ಮಿಕ್ಕದ್ದೆಲ್ಲ ಹೋಯಿತು. ಧರ್ಮೇಂದ್ರನ ಮದುವೆಯೂ ಹೋಯಿತು. ಎರಡು ಗಂಟೆ ಹಿಡಿಯಿತು. ಈಗ ನಿನ್ನ ಪಟ್ಟಿ ತೆರೆದರೆ ನನಗೆ ಗೊತ್ತಿಲ್ಲದವನು ಒಬ್ಬನೂ ಓಡುತ್ತಿಲ್ಲ.

ಅಳಿಸುವ ಮುಂಚೆ ಒಂದೇ ಒಂದು ಫೋಟೋ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಇದ್ದ ಹಾಗೇ ಇರುವುದು. ಹರಕಲು ಸೀರೆ, ಎಡಗೆನ್ನೆ, ಹಲ್ಲು. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಈಗ. ಪೆನ್‌ಡ್ರೈವು ನನ್ನ ಅಂಗಿಯ ಜೇಬಿನಲ್ಲಿದೆ. ಯಾರಿಗೂ ತೋರಿಸಿಲ್ಲ. ನಾನು ಎಷ್ಟು ಸಲ ನೋಡಿದೆ ಅನ್ನುವುದು ನಿನಗೆ ಬೇಡ.

ನೀನು ನನ್ನನ್ನು ಹೆಣದ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳಿದೆ. ನಾನು ಉತ್ತರ ಕೊಡುವುದಿಲ್ಲ. ನಾನು ಒಂದು ಕೇಳುತ್ತೇನೆ. ನೀನು ಕೊಡಬೇಕು.

ಕೊನೆಯ ವಾರದಲ್ಲಿ ಹೊನ್ನಕ್ಕ ನನ್ನನ್ನು ಕರೆದಳೋ ಇಲ್ಲವೋ? ಅಣ್ಣ ಅಂದಳೋ ಇಲ್ಲವೋ? ಹೌದು ಅಥವಾ ಇಲ್ಲ, ಒಂದೇ ಮಾತು. ಜೊತೆಗೆ ಇನ್ನೇನೂ ಬರೆಯಬೇಡ.

ಒಂದು ಉತ್ತರಕ್ಕೆ ಪೆನ್‌ಡ್ರೈವು ನಿನ್ನ ಕೈಗೆ ಬರುತ್ತದೆ. ಇನ್ನೊಂದಕ್ಕೆ ಹೇಮಾವತಿ ಹೊಳೆಗೆ ಹೋಗುತ್ತದೆ. ಯಾವುದಕ್ಕೆ ಯಾವುದು ಅಂತ ನಾನು ಹೇಳುವುದಿಲ್ಲ. ನನಗೆ ಹಿತವಾಗಲಿ ಅಂತ ಬರೆದರೂ ಕೆಡುತ್ತೀಯ, ನೋವಾಗಲಿ ಅಂತ ಬರೆದರೂ ಕೆಡುತ್ತೀಯ. ನಿಜ ಬರೆದರೂ ಉಳಿಯುತ್ತೀಯ ಅಂತ ಹೇಳಲಾರೆ. ನೀನು ಹನ್ನೆರಡು ಹೆಸರಿಗೆ ಕೆಂಪು ಗೆರೆ ಎಳೆದು ನನ್ನನ್ನು ಕೂರಿಸಿದೆ. ಈಗ ಎರಡೇ ಮಾತು ಇಟ್ಟುಕೊಂಡು ನೀನು ಕೂತಿರು.

ಫೋನ್ ಮಾಡಬೇಡ, ಎತ್ತುವುದಿಲ್ಲ. ಧರ್ಮೇಂದ್ರನ ಕೈಲಿ ಹೇಳಿಸಬೇಡ. ಕಾಗದದಲ್ಲೇ ಬರೆ. ನವೆಂಬರ್ ಇಪ್ಪತ್ತೊಂಬತ್ತು, ಶನಿವಾರದ ಟಪಾಲಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಮಂಚಯ್ಯ